ಇಂಗು ಗುಂಡಿಗೆ ತಿಪ್ಪೆಯ ನೀರು

ಕುಷ್ಟಗಿ ತಾಲೂಕಿನ ಓದುಗರೊಬ್ಬರ ಪತ್ರದ ಸಾರ: ದಾಳಿಂಬೆ ತೋಟದ ಬೋರಿನ ಸುತ್ತ ಇಂಗು ಗುಂಡಿ ಮಾಡಿಸಿದ್ದಾರೆ. ಮೊದಲ ದೊಡ್ಡ ಮಳೆಯ ಮರುದಿನ ಬೋರಿನ ನೀರು ಚಹಾ ಬಣ್ಣಕ್ಕೆ ತಿರುಗಿ ಗಂಜಲದ ವಾಸನೆ ಹೊಡೆಯಿತು. ಗುಂಡಿಗೆ ಇದ್ದಿಲು, ಬ್ಲೀಚಿಂಗ್ ಪುಡಿ ಹಾಕಿದರೆ ಸರಿಹೋದೀತೇ?

ಸಂಪಾದಕರ ಉತ್ತರ:

ಸರಿಹೋಗದು. ಕಾರಣ ನೀವು ಪತ್ರದೊಂದಿಗೆ ಕಳಿಸಿದ ನಕ್ಷೆಯಲ್ಲೇ ಇದೆ: ತಿಪ್ಪೆ ಮೇಲೆ, ಗುಂಡಿ ಇಳಿಜಾರಿನಲ್ಲಿ, ನಡುವೆ ಔಷಧ ಕಲಸುವ ಡ್ರಮ್ಮು. ಕೇಸಿಂಗಿಗೆ (ಬೋರಿನ ಮೇಲ್ಭಾಗಕ್ಕೆ ಇಳಿಸಿದ ಪೈಪಿಗೆ) ತೂತು ಹೊಡೆದು ಜಾಲರಿ ಸುತ್ತಿದ ಮೇಲೆ ಗುಂಡಿಯೇ ಬೋರಿನ ಬಾಯಿ. ತಾನಾಗಿ ಇಂಗುವ ನೀರು ಮಸಾರಿ ಮಣ್ಣು, ಗರಸು ದಾಟುತ್ತ ನಿಧಾನಕ್ಕೆ ಸೋಸಿಕೊಳ್ಳುತ್ತದೆ. ಇಲ್ಲಿ ಉಸುಕು, ಜಲ್ಲಿ ದಾಟಿದರೆ ನೇರ ಬಂಡೆಯ ಬಿರುಕಿಗೆ. ಉಸುಕು ಕಸ ತಡೆದೀತು, ತಿಪ್ಪೆಯ ನೀರಿನಲ್ಲಿ ಕರಗಿದ ನೈಟ್ರೇಟ್ ಎಂಬ ಸಾರಜನಕದ ಲವಣವನ್ನಲ್ಲ. ಇದ್ದಿಲೂ ಅದನ್ನು ಹಿಡಿಯದು. ಕೆಸರು ತುಂಬಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಇವತ್ತೇ ಗುಂಡಿಗೆ ಬರುವ ಕಾಲುವೆಗೆ ಮಣ್ಣಿನ ಚೀಲ ಒಡ್ಡಿ. ಕುಡಿಯಲು ಬೇರೆ ನೀರು ತನ್ನಿ. ಬಣ್ಣ, ವಾಸನೆ ಹೋಗುವವರೆಗೆ ಬೋರಿನ ನೀರೆತ್ತಿ, ಅದು ಮತ್ತೆ ಗುಂಡಿಗೆ ಹರಿಯದಂತೆ ದೂರ ಬಿಡಿ. ಬ್ಲೀಚಿಂಗ್ ಆಮೇಲೆ. ಹೊಲಸು ನೀರಿಗೆ ಹಾಕಿದರೆ ಹೊಲಸೇ ಕ್ಲೋರಿನ್ ತಿಂದುಹಾಕುತ್ತದೆ. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಸುಮಾರು 6.5 ಲೀಟರ್ ನೀರು. 200 ಅಡಿ ನಿಂತಿದ್ದರೆ 1300 ಲೀಟರ್. ಅದಕ್ಕೆ ಹೊಸ ಪುಡಿ 200 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಒಂದು ರಾತ್ರಿ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ನೀರೆತ್ತಿ, ಗಿಡಗಳ ಬುಡಕ್ಕೆ ಬಿಡದೆ ಹೊರಗೆ ಹರಿಸಿ.

ಇದರಿಂದ ಸಾಯುವುದು ರೋಗಾಣು ಮಾತ್ರ. ವಾರ ಬಿಟ್ಟು ರೋಗಾಣು, ನೈಟ್ರೇಟ್ ಎರಡನ್ನೂ ಪರೀಕ್ಷೆ ಮಾಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಹಸುಗೂಸಿನ ಹಾಲಿನ ಪುಡಿಗೆ ಆ ನೀರು ಬೇಡ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಔಷಧದ ಅಂಶ ಈ ಎರಡು ಪರೀಕ್ಷೆಯಲ್ಲಿ ಕಾಣದು, ಅದನ್ನು ಬೇರೆಯಾಗಿ ಕೇಳಬೇಕು. (ಫ್ಲೋರೈಡೂ ಬಂದರೆ ಗುಂಡಿಯನ್ನು ಬೈಯಬೇಡಿ, ಅದು ನಮ್ಮ ಕಡೆಯ ಬಂಡೆಯದೇ.)

ನಮ್ಮ ಕಡೆಯ ಮಳೆಗೆ ಹನಿಯೂ ಬಿಡಬಾರದೆಂಬ ಆಸೆ ಸಹಜ. ಆದರೆ ಈ ಗುಂಡಿಗೆ ಚಾವಣಿಯ ನೀರು ಮಾತ್ರ ಬರಲಿ, ಅದೂ ಮೊದಲ ಮಳೆಯದನ್ನು ಹೊರಗೆ ಬಿಟ್ಟು, ಹೂಳು ತೊಟ್ಟಿ ದಾಟಿ. ತೋಟದ ನೀರಿಗೆ ಬೋರಿನ ಕೆಳಗಡೆ ಬದು ಹಾಕಿ, ಮಣ್ಣಿನಲ್ಲೇ ಇಂಗಲಿ. ತಿಪ್ಪೆ, ಡ್ರಮ್ಮು ಎರಡೂ ಇಳಿಜಾರಿನ ಆಚೆಗೆ ಹೋಗಬೇಕು; ಬೋರಿನಿಂದ 15 ಮೀಟರ್ ದೂರವಿದ್ದರೆ ಸಾಕೆಂಬ ಲೆಕ್ಕವನ್ನು ಬಿರುಕು ಬಂಡೆಯಲ್ಲಿ ನೆಚ್ಚಬೇಡಿ. ಗುಂಡಿಯ ಮೇಲಿನ ಉಸುಕು ಈಗಾಗಲೇ ಗಂಜಲ ಕುಡಿದಿದೆ. ಅದನ್ನು ಪೂರ್ತಿ ತೆಗೆದು ತೊಳೆದ ಉಸುಕು ತುಂಬಿಸಿದ ಮೇಲೆಯೇ ಚಾವಣಿಯ ಪೈಪು ಜೋಡಿಸಿ.