‘ಹೈಪರ್’ ಪದಗಳ ಕುರಿತ ನಿಮ್ಮ ಲೇಖನವನ್ನು ಓದಿದ ಮೇಲೆ

ಮಾನ್ಯರೆ,

ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗಾಗಿ ಜಮಖಂಡಿಯಿಂದ ನೀವು ಕಳಿಸಿದ, ‘ಹೈಪರ್’ ಎಂಬ ಪೂರ್ವಪ್ರತ್ಯಯವುಳ್ಳ ಇಂಗ್ಲಿಷ್ ಪದಗಳ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ವಿಷಯ ನಮ್ಮ ಓದುಗರಿಗೆ ಬೇಕಾದದ್ದೇ ಆಗಿರುವುದರಿಂದ ಕಾರಣಗಳನ್ನು ವಿವರವಾಗಿ ತಿಳಿಸುತ್ತಿದ್ದೇನೆ.

ನಲವತ್ತಕ್ಕೂ ಹೆಚ್ಚು ಪದಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ಅತಿಯಾದ’ ಎಂಬುದನ್ನು ಸೇರಿಸಿ ಅರ್ಥ ಕೊಟ್ಟಿದ್ದೀರಿ. ಈ ಕೆಲಸಕ್ಕೆ ನಿಘಂಟು ಸಾಕು. ಪೂರ್ವಪ್ರತ್ಯಯವನ್ನು ಕಲಿಸುವುದು ವಿದ್ಯಾರ್ಥಿ ತಾನು ಹಿಂದೆಂದೂ ಕಾಣದ ಪದವನ್ನೂ ಬಿಡಿಸಿ ನೋಡುವಂತಾಗಲಿ ಎಂದು. ನಿಮ್ಮ ಪಟ್ಟಿಯಿಂದ ಆ ಶಕ್ತಿ ಬರುವುದಿಲ್ಲ.

ಎಲ್ಲಕ್ಕಿಂತ ಗಂಭೀರವಾದ ತಪ್ಪು ‘ಹೈಪರ್‌ಟೆನ್ಶನ್’ ಪದದಲ್ಲಿದೆ. ಅದಕ್ಕೆ ‘ಅತಿಯಾದ ಚಿಂತೆ’ ಎಂದು ಅರ್ಥ ಬರೆದಿದ್ದೀರಿ. ನಮ್ಮಲ್ಲಿ ‘ಟೆನ್ಶನ್’ ಎಂದರೆ ಚಿಂತೆಯೆಂದೇ ಬಳಕೆಯಾಗಿರುವುದರಿಂದ ಈ ತಪ್ಪು ಸಹಜ, ಆದರೆ ಅಪಾಯಕಾರಿ. ಇಲ್ಲಿ ಅದರ ಅರ್ಥ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ. ಬೇರೆ ಬೇರೆ ದಿನ ಅಳೆದಾಗಲೂ ಒತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಈ ಹೆಸರನ್ನು ಬಳಸುತ್ತಾರೆ. ಬಹಳಷ್ಟು ಜನರಲ್ಲಿ ಇದಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ‘ನನಗ್ಯಾವ ಟೆನ್ಶನ್ನೂ ಇಲ್ಲ, ಗುಳಿಗಿ ಯಾಕ?’ ಎಂದು ಔಷಧ ಬಿಡುವ ಹಿರಿಯರು ನಮ್ಮ ಊರುಗಳಲ್ಲಿ ಇದ್ದಾರೆ. ನಿಮ್ಮ ಲೇಖನವನ್ನು ಓದಿದ ಮೊಮ್ಮಗಳು ಆ ಮಾತನ್ನು ತಿದ್ದುವಂತಾಗಬೇಕೇ ಹೊರತು ಗಟ್ಟಿಗೊಳಿಸುವಂತಾಗಬಾರದು. ‘ಬಿಪಿ ಐತಿ’ ಎಂಬ ಮನೆಮಾತಿನಿಂದಲೇ ಈ ಭಾಗವನ್ನು ಆರಂಭಿಸಿರಿ.

ಇದಕ್ಕೆ ಹೊಂದಿಕೊಂಡೇ ‘ಹೈಪೊ’ ಬರಬೇಕು. ಗ್ರೀಕಿನಲ್ಲಿ ‘ಹೈಪರ್’ ಎಂದರೆ ಮೇಲೆ, ಆಚೆ. ‘ಹೈಪೊ’ ಎಂದರೆ ಕೆಳಗೆ. ನೀವು ಎರಡನೆಯದನ್ನು ಪ್ರಸ್ತಾಪಿಸಿಯೇ ಇಲ್ಲ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮ್‌ಗಿಂತ ಕೆಳಗಿಳಿದರೆ ಅದು ಹೈಪೊಗ್ಲೈಸೀಮಿಯಾ, ಎಚ್ಚರವಿರುವ ರೋಗಿಗೆ ಕೂಡಲೇ ಸಿಹಿ ಕೊಡಬೇಕಾಗುತ್ತದೆ. ಸಕ್ಕರೆ ಏರಿದರೆ ಹೈಪರ್‌ಗ್ಲೈಸೀಮಿಯಾ, ಅಲ್ಲಿ ಅದೇ ಸಿಹಿ ಕೇಡು. ಇಷ್ಟನ್ನು ಹೇಳಿದರೆ ಎರಡು ಪ್ರತ್ಯಯಗಳ ವ್ಯತ್ಯಾಸವನ್ನು ಮಕ್ಕಳು ಮರೆಯಲಾರರು.

ಇನ್ನು, ‘ಹೈಪರ್’ ಇದ್ದಲ್ಲೆಲ್ಲ ಮಿತಿಮೀರಿದ್ದು ಎಂಬ ಅರ್ಥವೇ ಇರುತ್ತದೆ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. 1960ರ ದಶಕದಲ್ಲಿ ಅಮೆರಿಕದ ಗಣಕ ಚಿಂತಕ ಟೆಡ್ ನೆಲ್ಸನ್ ‘ಹೈಪರ್‌ಟೆಕ್ಸ್ಟ್’ ಎಂಬ ಪದವನ್ನು ರೂಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಕಾಗದದ ಮೇಲಿನ ಸಾಲುಸಾಲು ಓದನ್ನು ದಾಟಿ ಒಂದು ಪಠ್ಯದಿಂದ ಇನ್ನೊಂದಕ್ಕೆ ಸಾಗುವ ಬರಹ. ‘ಅತಿಯಾದ ಪಠ್ಯ’ ಎಂಬ ನಿಮ್ಮ ಅರ್ಥ ಅಲ್ಲಿ ನಿಲ್ಲುವುದಿಲ್ಲ. ಈ ಎರಡು ಎಳೆಗಳು ನಮ್ಮ ‘ಅತಿ’ಯಲ್ಲೂ ಇವೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದುದನ್ನು ಕಂಡ ನಮ್ಮ ಭಾಗದ ಮಕ್ಕಳಿಗೆ ಅತಿವೃಷ್ಟಿಯನ್ನು ವಿವರಿಸಬೇಕಿಲ್ಲ. ಅಲ್ಲಿ ‘ಅತಿ’ ಎಂದರೆ ಹೆಚ್ಚಳ. ‘ಅತಿಕ್ರಮಣ’ದಲ್ಲಿ ಅದು ಗಡಿ ದಾಟುವುದು. ಈ ಎರಡು ಪದಗಳನ್ನು ಮುಂದಿಟ್ಟುಕೊಂಡು ವಿವರಿಸಿದರೆ ಇಂಗ್ಲಿಷ್ ಪ್ರತ್ಯಯ ತಾನಾಗಿ ತಿಳಿಯುತ್ತದೆ. ಸಂಸ್ಕೃತದ ‘ಉಪರಿ’, ಲ್ಯಾಟಿನ್ನಿನ ‘ಸೂಪರ್’, ಇಂಗ್ಲಿಷಿನ ‘ಓವರ್’ ಇವೆಲ್ಲ ‘ಹೈಪರ್’ನ ಬಂಧುಗಳೆಂಬುದನ್ನೂ ಒಂದು ವಾಕ್ಯದಲ್ಲಿ ತಿಳಿಸಬಹುದು.

ಕೆಲವು ಪದಗಳಿಗೆ ಅಳತೆಯಿದೆ, ಅದನ್ನು ಬಿಡಬೇಡಿ. ಹೈಪರ್‌ಇನ್ಫ್ಲೇಶನ್ ಎಂದರೆ ಬರೀ ಬೆಲೆಯೇರಿಕೆಯಲ್ಲ, ತಿಂಗಳಿಗೆ ಶೇ. 50ಕ್ಕಿಂತ ಹೆಚ್ಚು ಏರಿಕೆ ಎಂದು ಅರ್ಥಶಾಸ್ತ್ರಜ್ಞ ಫಿಲಿಪ್ ಕೇಗನ್ 1956ರಲ್ಲಿ ಗಡಿ ಗುರುತಿಸಿದರು. ಶಬ್ದದ ವೇಗವನ್ನು ಮೀರಿದ್ದು ಸೂಪರ್‌ಸಾನಿಕ್. ಅದರ ಐದು ಪಟ್ಟು ಹಾಗೂ ಅದಕ್ಕೂ ಮೇಲಿನದು ಹೈಪರ್‌ಸಾನಿಕ್.

‘ಹೈಪರ್‌ಬೋಲ್’ ಎಂದು ನೀವು ಬರೆದಿರುವ ಪದದ ಉಚ್ಚಾರ ‘ಹೈಪರ್ಬಲಿ’. ಅರ್ಥ ಅತಿಶಯೋಕ್ತಿ ಎಂದು ಕೊಟ್ಟಿರುವುದು ಸರಿಯಾಗಿದೆ. ಅತಿಯಾಗಿ ಟೀಕಿಸುವ ‘ಹೈಪರ್‌ಕ್ರಿಟಿಕಲ್’ ಮತ್ತು ಆಷಾಢಭೂತಿತನದ ‘ಹಿಪೊಕ್ರಿಟಿಕಲ್’ ಎರಡೂ ಒಂದೇ ಸಾಲಿನಲ್ಲಿ ಸೇರಿಕೊಂಡಿವೆ, ಬೇರ್ಪಡಿಸಿರಿ.

ಎಂಟು ಹತ್ತು ಪದಗಳನ್ನಷ್ಟೇ ಉಳಿಸಿಕೊಂಡು, ಪ್ರತಿಯೊಂದಕ್ಕೂ ನಿಮ್ಮ ತರಗತಿಯ ಮಕ್ಕಳೇ ರಚಿಸಿದ ಒಂದೊಂದು ವಾಕ್ಯವನ್ನು ಸೇರಿಸಿ, ಲೇಖನವನ್ನು ಹೊಸದಾಗಿ ಬರೆದು ಕಳಿಸಿರಿ. ವೈದ್ಯಕೀಯ ಪದಗಳ ಭಾಗವನ್ನು ಕಳಿಸುವ ಮುನ್ನ ನಿಮ್ಮೂರಿನ ವೈದ್ಯರೊಬ್ಬರಿಗೆ ತೋರಿಸಿರಿ.

ವಂದನೆಗಳೊಂದಿಗೆ,
ಸಂಪಾದಕ, ವಿಜಯಪುರ