ಜೋಕಾಲಿ, ಕೌದಿ, ಸುರ್ಮಾ: ಆಟಿಸಂ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಆಟಿಸಂ (ಮಾತು, ಒಡನಾಟ, ವರ್ತನೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳ ತಂದೆ-ತಾಯಿಯರದೇ ಹೆಚ್ಚು. ‘ಮಾತ್ರೆ ಬಿಟ್ಟು ಬೇರೇನು ಮಾಡಬಹುದು’ ಎಂಬುದೇ ಬಹುತೇಕರ ಕೇಳಿಕೆ. ಮಕ್ಕಳ ಬೆಳವಣಿಗೆ ತಜ್ಞರೂ, ದಿನನಿತ್ಯದ ಚಟುವಟಿಕೆಗಳನ್ನು ರೂಢಿ ಮಾಡಿಸುವ ಆಕ್ಯುಪೇಶನಲ್ ಥೆರಪಿಸ್ಟರೂ ಸೇರಿ ಉತ್ತರಿಸಿದ್ದಾರೆ.

ಮಗನಿಗೆ ಐದು ವರ್ಷ, ತೂಕ 17 ಕಿಲೊ. ಕೈ ಝಾಡಿಸುತ್ತಾನೆ, ಕೋಣೆ ತುಂಬ ಸುತ್ತು ಹೊಡೆಯುತ್ತಾನೆ. ಶಾಲೆಯಲ್ಲಿ ಐದು ನಿಮಿಷ ಕೂಡಲ್ಲ ಅಂತ ದಿನಾ ದೂರು. ಮನೆಯಲ್ಲೇ ಮಾಡಿಸುವ ವ್ಯಾಯಾಮ ಇದೆಯೇ? – ತಾಯಿ, ಸೇಡಂ

ಇದೆ. ಆದರೆ ನೀವು ಬರೆದದ್ದರಲ್ಲಿ ಎರಡು ಸಂಗತಿಗಳಿವೆ, ಬೇರೆ ಬೇರೆ ಮಾಡಿಕೊಳ್ಳಿ. ಕೈ ಝಾಡಿಸುವುದರಿಂದ ಯಾರಿಗೂ ತೊಂದರೆಯಿಲ್ಲ. ಖುಷಿಯಾದಾಗಲೂ ಗಾಬರಿಯಾದಾಗಲೂ ಅವನಿಗೆ ಅದೇ ದಾರಿ. ಕೈ ಹಿಡಿದು ನಿಲ್ಲಿಸಿದರೆ ಅದರ ಜಾಗಕ್ಕೆ ಬೆರಳು ಕಚ್ಚಿಕೊಳ್ಳುವುದೋ ತಲೆ ಬಡಿದುಕೊಳ್ಳುವುದೋ ಬರಬಹುದು. ಅದನ್ನು ಅದರ ಪಾಡಿಗೆ ಬಿಡಿ. ಕೂಡಲು ಆಗದಿರುವುದಕ್ಕೆ ಮಾತ್ರ ಕೆಲಸ ಹಿಡಿಯೋಣ.

ಕೀಲು, ಸ್ನಾಯುಗಳ ಮೇಲೆ ಭಾರ ಬೀಳುವ ಕೆಲಸ ಇಂಥ ಮಕ್ಕಳನ್ನು ಕೆಲಹೊತ್ತು ತಣಿಸುತ್ತದೆ. ಶಾಲೆಗೆ ಹೊರಡುವ ಮುನ್ನ ಹದಿನೈದು ನಿಮಿಷ ಸಾಕು. ಮೊದಲು ಓಟ ಅಥವಾ ನೆಗೆತ, ಇಪ್ಪತ್ತು ನೆಗೆತದ ಎರಡು ಸುತ್ತು. ಆಮೇಲೆ ಕರಡಿ ನಡಿಗೆ: ಅಂಗೈ, ಅಂಗಾಲು ನೆಲಕ್ಕೆ, ಸೊಂಟ ಮೇಲೆ, ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ. ಆಮೇಲೆ ಗೋಡೆ ತಳ್ಳುವುದು. ಗೋಡೆಯಿಂದ ಒಂದು ಅಡಿ ದೂರ ನಿಲ್ಲಿಸಿ, ಅಂಗೈಗಳನ್ನು ಎದೆಯ ಮಟ್ಟಕ್ಕೆ ಊರಿಸಿ, ‘ಗ್ವಾಡಿ ದೂಡು’ ಎಂದು ಹತ್ತು ಎಣಿಸಿ, ಇಂಥವು ಐದು. ನಂತರ ಸಣ್ಣ ತಂಬಿಗೆ ಅಥವಾ ಡಬ್ಬಿಯಲ್ಲಿ ಒಂದು ಲೀಟರ್ ನೀರು, ಎರಡೂ ಕೈಯಲ್ಲಿ ಹಿಡಿದು ನಳದಿಂದ ತುಳಸಿಕಟ್ಟೆಗೆ ಐದು ಸಲ. 17 ಕಿಲೊ ಹುಡುಗನಿಗೆ ಒಂದು, ಹೆಚ್ಚೆಂದರೆ ಒಂದೂವರೆ ಕಿಲೊ ಭಾರ ಸಾಕು. ಕೊನೆಗೆ ಐದು ನಿಮಿಷ ಜೋಕಾಲಿ.

ಕೆಡುವುದು ಸಾಮಾನ್ಯವಾಗಿ ಜೋಕಾಲಿಯಲ್ಲೇ. ಹಿಂದೆ-ಮುಂದೆ ನಿಧಾನವಾಗಿ ತೂಗಿದರೆ ಮಗು ತಣ್ಣಗಾಗುತ್ತದೆ. ಪಂಚಮಿಯಲ್ಲಿ ದೊಡ್ಡ ಹುಡುಗರು ಮಾಡುವಂತೆ ಹಗ್ಗ ಹೊಸೆದು ಗಿರ್ರನೆ ಬಿಟ್ಟರೆ ಅದೇ ಮಗು ಇನ್ನಷ್ಟು ಕೆರಳುತ್ತದೆ, ಮೂರು ನಿಮಿಷದಲ್ಲಿ ವಾಂತಿಯೂ ಆಗಬಹುದು. ಮಗುವಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಜೋಕಾಲಿಗೆ ಮುನ್ನ ವೈದ್ಯರನ್ನು ಕೇಳಿ. ಇನ್ನೊಂದು ತಪ್ಪು, ಗದರಿದ ಮೇಲೆ ಶಿಕ್ಷೆಯಂತೆ ಗೋಡೆ ತಳ್ಳಿಸುವುದು. ಹಾಗೆ ಎರಡು ಸಲ ಆದರೆ ಗೋಡೆ ಕಂಡರೇ ಓಡುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಇದೆಲ್ಲ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ನಮ್ಮ ಬಿಸಿಲಿಗೆ ಬೇರೆ ಹೇಳಬೇಕಿಲ್ಲ.

ಪರಿಣಾಮ ವ್ಯಾಯಾಮದ ಬೆನ್ನಿಗೇ ಇರುತ್ತದೆ, ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಅದಕ್ಕೇ ಟೀಚರಿಗೆ ಹೇಳಿ, ಎರಡು ಪಿರಿಯಡ್ ನಡುವೆ ನೋಟ್‌ಬುಕ್ ಕಟ್ಟು ಹೊರಿಸಲಿ, ಬೋರ್ಡ್ ಒರೆಸಲು ಕಳಿಸಲಿ. ಶುರು ಮಾಡುವ ಮುನ್ನ ಒಂದು ವಾರ, ಒಮ್ಮೆ ಕೂತರೆ ಎಷ್ಟು ನಿಮಿಷ ಕೂಡುತ್ತಾನೆ ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರು ವಾರದ ನಂತರ ಅದೇ ಲೆಕ್ಕ ನೋಡಿ. ನಾಲ್ಕು ನಿಮಿಷ ಎಂಟಾಗಿದ್ದರೆ ಮುಂದುವರಿಸಿ. ಹಾಗೇ ಇದ್ದರೆ ಈ ಕ್ರಮ ಅವನಿಗಲ್ಲ.

ಭಾರದ ಹೊದಿಕೆ ಹೊದಿಸಿದರೆ ಇಂಥ ಮಕ್ಕಳು ನಿದ್ದೆ ಮಾಡುತ್ತಾರಂತೆ. ಆನ್‌ಲೈನಿನಲ್ಲಿ ಆರು ಸಾವಿರ ಹೇಳುತ್ತಾರೆ. ಅಜ್ಜಿ ಹೊಲಿದ ಕೌದಿ ನಡೆಯುತ್ತದೆಯೇ? ಮಗಳಿಗೆ ಏಳು ವರ್ಷ, ರಾತ್ರಿ ಒಂದರವರೆಗೆ ಎಚ್ಚರ. – ಬೀದರ್

ಆರು ಸಾವಿರ ಉಳಿಸಿಕೊಳ್ಳಿ. 2014ರಲ್ಲಿ ಬ್ರಿಟನ್ನಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ಕೆಲವು ವಾರ ಭಾರದ ಹೊದಿಕೆ, ಕೆಲವು ವಾರ ಸಾದಾ ಹೊದಿಕೆ ಕೊಟ್ಟು ಅಳೆದರು. ನಿದ್ದೆಯ ಅವಧಿ ಬದಲಾಗಲಿಲ್ಲ, ಮಕ್ಕಳಿಗೆ ಹೊದಿಕೆ ಇಷ್ಟವಾಯಿತು ಅಷ್ಟೇ. ನಿಮ್ಮ ಮಗಳಿಗೂ ಕೌದಿ ಇಷ್ಟವಾದರೆ ಹೊದಿಸಿ. ಮೊದಲು ತೂಗಿ ನೋಡಿ: ಅವಳ ತೂಕದ ಹತ್ತನೇ ಒಂದು ಭಾಗ ದಾಟಬಾರದು. ತಾನೇ ಕಿತ್ತೆಸೆಯಲು ಬರುವಂತಿರಬೇಕು, ತಲೆ ಮುಚ್ಚಬಾರದು, ಸುತ್ತಿ ಕಟ್ಟಲಂತೂ ಬಾರದು. 2008ರಲ್ಲಿ ಕೆನಡಾದ ಶಾಲೆಯೊಂದರಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಿದ ಒಂಬತ್ತು ವರ್ಷದ ಹುಡುಗ ಉಸಿರುಗಟ್ಟಿ ತೀರಿಕೊಂಡ.

ನಿದ್ದೆಗೆ ಬೇರೆ ಕಡೆ ಹುಡುಕಿ. ಸಂಜೆ ಚಹಾ ಕುಡಿಯುತ್ತಾಳೆಯೇ? ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗುವಿಗೂ ಬಶಿಯಲ್ಲಿ ಚಹಾ ಸುರಿದು ಕೊಡುವ ರೂಢಿ ಇದೆ. ಅದು ನಿದ್ದೆ ಕೆಡಿಸುವುದಲ್ಲದೆ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಕಬ್ಬಿಣ ಕಡಿಮೆಯಾದ ಮಕ್ಕಳು ರಾತ್ರಿ ಕಾಲು ಒದರಿಕೊಂಡು ಹೊರಳಾಡುತ್ತಾರೆ. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮಲಬದ್ಧತೆ ಇದೆಯೇ ನೋಡಿ. ಮಾತು ಬಾರದ ಮಗು ಹೊಟ್ಟೆನೋವನ್ನು ಎಚ್ಚರ ಇದ್ದೇ ಹೇಳುತ್ತದೆ. ಎಷ್ಟು ತಡವಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ, ಮಲಗುವ ಒಂದು ತಾಸು ಮುಂಚೆ ಮೊಬೈಲ್ ಮುಚ್ಚಿಡಿ. ಇಷ್ಟಾದರೂ ಆಗದಿದ್ದರೆ ಮೆಲಟೋನಿನ್ ಇದೆ, ಆಟಿಸಂ ಮಕ್ಕಳ ನಿದ್ದೆಗೆ ಒಳ್ಳೆಯ ಆಧಾರ ಇರುವ ಔಷಧಿ. 1 ಮಿ.ಗ್ರಾಂ.ನಷ್ಟು ಕಡಿಮೆಯಿಂದ, ಮಲಗುವ ಅರ್ಧ-ಒಂದು ತಾಸು ಮುಂಚೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರಬೇಡಿ, ವೈದ್ಯರಿಂದಲೇ ಬರೆಸಿಕೊಳ್ಳಿ.

ಗೋಧಿ, ಹಾಲು ಬಿಡಿಸಿದರೆ ಆಟಿಸಂ ಕಡಿಮೆ ಆಗುತ್ತದೆಯೇ? – ಭಾಲ್ಕಿ

ನಮ್ಮ ಭಾಗದವರು ಗೋಧಿ ಬಿಡುವುದೆಂದರೆ ಮತ್ತೆ ಅಜ್ಜನ ಕಾಲದ ಊಟಕ್ಕೆ ಬಂದಂತೆ. ಜೋಳ, ಸಜ್ಜೆ, ರಾಗಿ, ಅಕ್ಕಿ, ತೊಗರಿ ಯಾವುದರಲ್ಲೂ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲ. ಇಷ್ಟು ಜೋಳದ ರೊಟ್ಟಿ ತಿನ್ನುವ ಸೀಮೆಯಲ್ಲೂ ಆಟಿಸಂ ಇದೆ ಎಂಬುದನ್ನು ಮಾತ್ರ ನೆನಪಿಡಿ. ಗೋಧಿ, ಹಾಲು ಬಿಟ್ಟರೆ ಆಟಿಸಂ ಲಕ್ಷಣಗಳು ಇಳಿಯುತ್ತವೆ ಎಂದು ಸರಿಯಾಗಿ ನಡೆಸಿದ ಪರೀಕ್ಷೆಗಳು ತೋರಿಸಿಲ್ಲ. ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯೋ ಹಾಲು ಅರಗದ ತೊಂದರೆಯೋ ಇರುವ ಮಕ್ಕಳ ಮಾತು ಬೇರೆ. ಅವರ ಹೊಟ್ಟೆ ಸರಿಹೋಗುತ್ತದೆ, ಹೊಟ್ಟೆ ಸರಿಹೋದರೆ ಸಿಟ್ಟೂ ಇಳಿಯುತ್ತದೆ.

ಹಾಗಾಗಿ ಬಿಡಿಸುವ ಮುನ್ನ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲ ಎನ್ನಬಹುದು. ಎರಡನ್ನೂ ಒಟ್ಟಿಗೆ ನಿಲ್ಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಶಾಲೆಯ ಟೀಚರಿಗೆ ಹೇಳದೆ ಮಾಡಿ, ಆರು ವಾರದ ನಂತರ ‘ಏನಾದರೂ ಬದಲಾಗಿದೆಯೇ’ ಎಂದು ಕೇಳಿ. ಗೊತ್ತಿಲ್ಲದವರ ಕಣ್ಣೇ ಇಲ್ಲಿ ನಂಬಿಕೆಗೆ ಅರ್ಹ. ಮನೆಯಲ್ಲಿ ಗೋಧಿ ನಿಲ್ಲಿಸಿದೆವು ಎನ್ನುವವರು ಸಾಮಾನ್ಯವಾಗಿ ಮರೆಯುವುದು ಇಂಗನ್ನು. ಅಂಗಡಿಯ ಡಬ್ಬಿಯ ಇಂಗಿಗೆ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ.

ಹಾಲು ಬಿಡಿಸಿದರೆ ಸುಣ್ಣದಂಶ ಎಲ್ಲಿಂದ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಾಲು ಸುಮಾರು 240 ಕೊಡುತ್ತದೆ. ಅದರ ಬದಲಿಗೆ 50 ಗ್ರಾಂ ರಾಗಿ ಹಿಟ್ಟು ಸುಮಾರು 180, ಒಂದು ದೊಡ್ಡ ಚಮಚ ಎಳ್ಳು ಸುಮಾರು 100. ಐದೇ ಬಗೆ ತಿನ್ನುವ ಮಗುವಿನ ತಟ್ಟೆಯಿಂದ ಎರಡು ಬಗೆ ಕಿತ್ತುಕೊಂಡರೆ ಉಳಿಯುವುದೇನು, ಅದನ್ನೂ ಯೋಚಿಸಿ.

ದೊಡ್ಡ ಊರಿನ ಒಂದು ಕಡೆ ಸ್ಟೆಮ್ ಸೆಲ್ ಕೊಟ್ಟರೆ ಮಾತು ಬರುತ್ತದೆ ಎನ್ನುತ್ತಿದ್ದಾರೆ. ಎರಡು ಎಕರೆ ಮಾರಬೇಕಾಗುತ್ತದೆ. – ತಂದೆ, ಶಹಾಪುರ

ಹೊಲ ಮಾರಬೇಡಿ. ಆಟಿಸಂಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಅದರ ಪ್ರಚಾರ ವೃತ್ತಿಗೆ ಸಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ. ಒತ್ತಡದ ಆಮ್ಲಜನಕದ ಕೋಣೆಯೂ ಇದೇ ಸಾಲಿನದು. ಮೈಯೊಳಗಿನ ಲೋಹ ತೆಗೆಯುತ್ತೇವೆಂಬ ಕೀಲೇಶನ್ ಇನ್ನೂ ಕೆಟ್ಟದ್ದು: 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕ ಅದರಿಂದಲೇ ಸತ್ತ. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಕುಸಿದು ಹೃದಯ ನಿಂತಿತ್ತು.

ಮಗನ ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯಿತ, ಬಾಯಿಗೆ ಭಸ್ಮ, ಎಲ್ಲವೂ ನಡೆದಿದೆ. ಇದರಿಂದ ಹಾನಿ ಏನೂ ಇಲ್ಲವಲ್ಲ? – ಚಿತ್ತಾಪುರ

ಹರಕೆ, ದರ್ಗಾ, ಗುಡಿ ಇವುಗಳ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಸೀಸದ್ದು. ಪೇಟೆಯಲ್ಲಿ ಸಿಗುವ ಸುರ್ಮಾದಲ್ಲಿ ಸೀಸದ ಅದಿರು ಇರುವುದುಂಟು. ಕಣ್ಣು ಉಜ್ಜಿದ ಬೆರಳು ಬಾಯಿಗೆ ಹೋಗುತ್ತದೆ. ಸಿಕ್ಕಿದ್ದೆಲ್ಲ ಚೀಪುವ ಮಗುವಿಗಂತೂ ದಿನಕ್ಕೆ ಹತ್ತು ಸಲ. ತಾಯಿತವೂ ಸೀಸದ್ದಾಗಿದ್ದರೆ ಅದನ್ನು ಕಡಿಯುತ್ತ ಕೂಡುತ್ತದೆ. ಸೀಸ ಏರಿದ ಮಗುವಿಗೆ ಸಿಡುಕು, ಮಲಬದ್ಧತೆ, ಗಮನ ಕಡಿಮೆ. ಮನೆಯವರು ಆಟಿಸಂ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಟರ್ನೆಟ್ಟಿನಲ್ಲಿ ಮಾರುವ ಆಯುರ್ವೇದ ಔಷಧಿಗಳಲ್ಲಿ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಲೋಹದ ಭಸ್ಮ ಬೆರೆತವುಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಭಸ್ಮ ನಿಲ್ಲಿಸಿ, ಸುರ್ಮಾ ನಿಲ್ಲಿಸಿ, ತಾಯಿತವನ್ನು ದೇವರ ಗೂಡಿನಲ್ಲಿಡಿ, ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಬರೆ ಹಾಕಿಸುವ ಸಲಹೆ ಯಾರು ಕೊಟ್ಟರೂ, ಎಷ್ಟೇ ಹಿರಿಯರಾದರೂ, ಒಪ್ಪಬೇಡಿ.

ಎಣ್ಣೆ ತಿಕ್ಕುವುದನ್ನು ಮಾತ್ರ ಬಿಡಬೇಡಿ. ಅಂಗೈ ಪೂರ್ತಿ ಊರಿ, ಒತ್ತಿ, ನಿಧಾನವಾಗಿ, ಹೆಗಲಿನಿಂದ ಬೆರಳ ಕಡೆಗೆ. ಬೆರಳ ತುದಿಯಿಂದ ಹಗುರಾಗಿ ಸವರಿದರೆ ಇಂಥ ಮಕ್ಕಳಿಗೆ ಕಚಗುಳಿ ಹೋಗಿ ಹಿಂಸೆಯಾಗುತ್ತದೆ.

ಮಗಳು ತುದಿಗಾಲಿನಲ್ಲೇ ನಡೆಯುತ್ತಾಳೆ. ಆರು ವರ್ಷ. – ಯಾದಗಿರಿ

ಅಂಗಾತ ಮಲಗಿಸಿ, ಮೊಣಕಾಲು ನೇರ ಇಟ್ಟು, ಹಿಮ್ಮಡಿಯನ್ನು ಅಂಗೈಯಲ್ಲಿ ತುಂಬಿ ಹಿಡಿದು ಪಾದವನ್ನು ಮೇಲಕ್ಕೆ ತನ್ನಿ. ನೆಟ್ಟಗಿನ ಕೋನ ದಾಟಿ ಇನ್ನೂ ಸ್ವಲ್ಪ, ಹತ್ತು ಡಿಗ್ರಿಯಷ್ಟು, ಬಂದರೆ ಮೀನಖಂಡ ಇನ್ನೂ ಬಿಗಿದಿಲ್ಲ. ಅದೇ ಭಂಗಿಯಲ್ಲಿ 30 ಸೆಕೆಂಡ್ ಹಿಡಿದು ಬಿಡುವುದು, ಒಂದೊಂದು ಕಾಲಿಗೆ ಐದು ಸಲ, ಬೆಳಿಗ್ಗೆ, ರಾತ್ರಿ. ಬೆರಳುಗಳನ್ನು ಹಿಡಿದು ದೂಡಿದರೆ ಪಾದದ ನಡುಭಾಗ ಬಾಗುತ್ತದೆ, ಮೀನಖಂಡ ಹಿಗ್ಗುವುದೇ ಇಲ್ಲ. ಮನೆಯಲ್ಲಿ ಮಾಡಿಸುವವರು ಎಡವುವುದು ಇಲ್ಲೇ. ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕೂತು ಆಡಲಿ, ಏರುದಾರಿ ಹತ್ತಲಿ, ದಿನಕ್ಕೆ ಇಪ್ಪತ್ತು ಹೆಜ್ಜೆ ಹಿಮ್ಮಡಿಯಲ್ಲೇ ನಡೆಯಲಿ. ನೆಟ್ಟಗಿನ ಕೋನಕ್ಕೇ ಪಾದ ಬರದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಒಂದೇ ಕಾಲಿನಲ್ಲಿದ್ದರೆ, ಅಥವಾ ಚೆನ್ನಾಗಿ ನಡೆಯುತ್ತಿದ್ದವಳು ಈಗ ಹೊಸದಾಗಿ ಶುರು ಮಾಡಿದ್ದರೆ ತಡ ಮಾಡದೆ ನರರೋಗ ತಜ್ಞರ ಬಳಿ ಹೋಗಿ.

ನಮ್ಮೂರಲ್ಲಿ ಸ್ಪೀಚ್ ಥೆರಪಿಸ್ಟ್ ಇಲ್ಲ. ಮಗನಿಗೆ ಮೂರೂವರೆ ವರ್ಷ, ಒಂದೂ ಮಾತಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಅದಕ್ಕೇ ಹೀಗಾಯಿತೇ? – ಆಳಂದ

ಎರಡು ಭಾಷೆಯಿಂದ ಹೀಗಾಗುವುದಿಲ್ಲ. ನಿಮಗೆ ಮನಸಾರೆ ಬರುವ ಭಾಷೆಯಲ್ಲೇ ಮಾತಾಡಿ, ಇಂಗ್ಲಿಷ್ ಒತ್ತಾಯ ಬೇಡ. ಮೊದಲು ಕಿವಿ ಪರೀಕ್ಷೆ ಆಗಲಿ.

ಥೆರಪಿಸ್ಟ್ ಇಲ್ಲದ ಊರಿನಲ್ಲೂ ಕೆಲಸ ಆಗುತ್ತದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಆರು ತಿಂಗಳಲ್ಲಿ ಹನ್ನೆರಡು ಭೇಟಿ ಕೊಟ್ಟು, ತಂದೆ-ತಾಯಿ ಮಗುವಿನೊಂದಿಗೆ ಆಡುವ ವಿಡಿಯೊ ಅವರಿಗೇ ತೋರಿಸಿ ತಿದ್ದಿದರು. ಮಕ್ಕಳು ತಾವಾಗಿ ತಂದೆ-ತಾಯಿಯ ಕಡೆ ತಿರುಗುವುದು ಹೆಚ್ಚಾಯಿತು.

ನೀವು ಹೀಗೆ ಮಾಡಿ. ಟಿವಿ ಬಂದ್. ಮಗ ಪ್ಲಾಸ್ಟಿಕ್ ಬಳೆಗಳನ್ನು ಸ್ಟೀಲ್ ಬೋಗಾಣಿಗೆ ಒಂದೊಂದೇ ಹಾಕಿ ‘ಟಣ್’ ಸದ್ದು ಕೇಳುತ್ತಿದ್ದಾನೆ ಎನ್ನಿ. ‘ಇದೇನು? ಯಾವ ಬಣ್ಣ?’ ಎಂದು ಕೇಳಬೇಡಿ. ಎದುರಿಗೆ, ಅವನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕೂತು, ಅವನು ಹಾಕಿದಾಗ ‘ಬಿತ್ತು’ ಎನ್ನಿ. ಇನ್ನೊಂದಕ್ಕೆ ‘ಬಿತ್ತು’. ನಾಲ್ಕಾರು ಸಲದ ನಂತರ ನೀವೊಂದು ಬಳೆ ಹಿಡಿದು ಬೋಗಾಣಿಯ ಮೇಲೆ ಕೈ ನಿಲ್ಲಿಸಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಅವನು ನಿಮ್ಮ ಕೈ ನೋಡಿದರೂ, ಮುಖ ನೋಡಿದರೂ, ‘ಊಂ’ ಎಂದರೂ ಅದೇ ಅವನ ಮಾತು. ತಕ್ಷಣ ಬಳೆ ಬಿಡಿ: ‘ಬಿತ್ತು!’ ಹತ್ತಕ್ಕೆ ಮುಂಚೆಯೇ ಸೋತು ನಾವೇ ಬಿಟ್ಟುಬಿಡುವುದರಿಂದ ಆಟ ಕೆಡುತ್ತದೆ. ದಿನಕ್ಕೆ ಹದಿನೈದು ನಿಮಿಷದ ಎರಡು ಸಲ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಐದು ನಿಮಿಷ ಚಿತ್ರಿಸಿ ನೋಡಿ, ನೀವು ಎಷ್ಟು ಮಾತಾಡಿದಿರಿ, ಎಷ್ಟು ಕಾದಿರಿ ಎಂದು ಲೆಕ್ಕ ಸಿಗುತ್ತದೆ. ಬಳೆಯ ಬದಲು ಶೇಂಗಾ, ಹುಣಸೆ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ, ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿನ ಕೇಂದ್ರ ಸರ್ಕಾರದ ಎನ್‌ಐಇಪಿಐಡಿ ಸಂಸ್ಥೆ ಇದೆ, ನಮ್ಮವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಂಗವೈಕಲ್ಯ ಪ್ರಮಾಣಪತ್ರ ಆದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ.

ಶರಣಬಸವೇಶ್ವರ ಜಾತ್ರೆಗೆ ಮಗನನ್ನು ಕರೆದೊಯ್ಯಬೇಕೆಂದಿದ್ದೇವೆ. ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. – ಕಲಬುರಗಿ

ತೇರು ಎಳೆಯುವ ಸಂಜೆ ಬೇಡ, ಮರುದಿನ ಬೆಳಿಗ್ಗೆ ಎಂಟರೊಳಗೆ ಹೋಗಿ. ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಮನೆಯಲ್ಲೇ ಎರಡು ವಾರ ಹಾಕಿ ರೂಢಿ ಮಾಡಿಸಿ. ಗದ್ದಲದ ಜಾಗ ದಾಟಿದ ಮೇಲೆ ತೆಗೆಸಿ. ದಿನವಿಡೀ ಹಾಕಿಕೊಂಡಿದ್ದರೆ ಸಣ್ಣ ಸದ್ದೂ ತಡೆಯಲಾಗದಂತೆ ಆಗುತ್ತದೆ. ತುಟಿ ಮುಚ್ಚಿ ‘ಮ್‌ಮ್’ ಎಂದು ಗುನುಗುವ ಭ್ರಾಮರಿ ಕೆಲವು ಮಕ್ಕಳನ್ನು ತಣಿಸುತ್ತದೆ, ಅದನ್ನೂ ಶಾಂತವಾಗಿರುವಾಗಲೇ ಕಲಿಸಿ. ಗುಂಪಿನಲ್ಲಿ ಕೈ ಬಿಡಿಸಿಕೊಂಡು ಓಡುವ ಮಗುವಾದರೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆಯ ಪಟ್ಟಿಯನ್ನು ಅಂಗಿಯ ಒಳಗೆ, ಬೆನ್ನಿನ ಭಾಗಕ್ಕೆ ಹೊಲಿಯಿರಿ, ಅಲ್ಲಿ ಅವನ ಕೈ ಮುಟ್ಟುವುದಿಲ್ಲ. ಇಂಥ ಮಕ್ಕಳು ತಪ್ಪಿಸಿಕೊಂಡರೆ ನೀರಿನ ಕಡೆ ಹೋಗುವುದು ಹೆಚ್ಚು. ಹುಡುಕುವಾಗ ಅಂಗಡಿ ಸಾಲಿಗಿಂತ ಮೊದಲು ಕೆರೆಯ ದಂಡೆಗೆ ಓಡಿ.