ಕೆಟ್ಟ ಮುಖಪುಟವನ್ನು ಏಕೆ ತೋರಿಸಿದಿರಿ?

“ಮಾನ್ಯ ಸಂಪಾದಕರಿಗೆ ವಂದನೆಗಳು. ಕಳೆದ ಸಂಚಿಕೆಯಲ್ಲಿ ನಿಮ್ಮ ಮುಖಪುಟದ ವಿನ್ಯಾಸಕಾರರು ತಮ್ಮ ಅತ್ಯುತ್ತಮ ಮುಖಪುಟವನ್ನೂ ತೀರಾ ಕೆಟ್ಟ ಮುಖಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ಲೇಖನ ಬರೆದಿದ್ದಾರೆ. ನಾನೂ ಅದೇ ವೃತ್ತಿಯವನು. ಮೂವರಿರುವ ಸಣ್ಣ ಕಚೇರಿ ನಡೆಸುತ್ತೇನೆ. ಆ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಬಂದ ಗ್ರಾಹಕರೊಬ್ಬರು ‘ನಿಮ್ಮವರೇ ಹೀಗೆ ಬರೆದುಕೊಂಡಿದ್ದಾರಲ್ಲ, ನನ್ನ ಕೆಲಸವೂ ಹೀಗೇ ಆದರೆ?’ ಎಂದು ಕೇಳಿದರು. ಅಡುಗೆಯವನು ಸೀದ ಪಲ್ಯವನ್ನು ಬಡಿಸುವುದಿಲ್ಲ. ವೈದ್ಯರು ತಮ್ಮ ಕೈತಪ್ಪಿದ ರೋಗಿಗಳ ಪಟ್ಟಿಯನ್ನು ಗೋಡೆಗೆ ತೂಗುಹಾಕುವುದಿಲ್ಲ. ಕುಮಾರವ್ಯಾಸನೇ ಇಟ್ಟ ಪದವನ್ನು ಅಳಿಸದಿರುವುದು ತನ್ನ ಹೆಚ್ಚುಗಾರಿಕೆ ಎಂದ. ಹೆಸರು ಮಾಡಿದವರಿಗೆ ತಪ್ಪೊಪ್ಪಿಗೆ ಒಂದು ಆಭರಣ; ನಮ್ಮಂಥವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಮನೆಯ ಕಸವನ್ನು ಬೀದಿಗೆ ಏಕೆ ತಂದಿರಿ?”
— ಓದುಗರು, ಹುಬ್ಬಳ್ಳಿ

ಮಿತ್ರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಷ್ಟು ಸ್ಪಷ್ಟವಾಗಿ, ಇಷ್ಟು ಸಿಟ್ಟಿನಿಂದ, ಒಂದೂ ಕಾಗುಣಿತದ ತಪ್ಪಿಲ್ಲದೆ ಬರೆದ ಪತ್ರ ನಮ್ಮ ಮೇಜಿಗೆ ಬಂದು ಬಹಳ ದಿನಗಳಾಗಿದ್ದವು. ಹೊಟ್ಟೆಪಾಡಿನ ಮಾತು ನಿಜ. ತಿಂಗಳ ಬಾಡಿಗೆ ಕಟ್ಟಬೇಕಾದವನಿಗೂ ಸಂಬಳ ಬರುವವನಿಗೂ ತಪ್ಪು ಒಪ್ಪಿಕೊಳ್ಳುವ ಬೆಲೆ ಒಂದೇ ಅಲ್ಲ. ನಿಮ್ಮ ಗ್ರಾಹಕರ ಪ್ರಶ್ನೆ ನಿಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿತು ಎಂಬುದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ. ಆದರೆ ಉಳಿದ ಯಾವ ಮಾತನ್ನೂ ನಾನು ಒಪ್ಪಲಾರೆ. ಆ ಲೇಖನವನ್ನು ಬರೆಯಿರೆಂದು ವಿನ್ಯಾಸಕಾರರನ್ನು ಎರಡು ವರ್ಷ ಕಾಡಿದವನು ನಾನೇ.

ಮೊದಲು ಕುಮಾರವ್ಯಾಸನನ್ನು ಈ ಜಗಳದಿಂದ ಬಿಡಿಸಿಕೊಳ್ಳುತ್ತೇನೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದವನು ಆತ. ದೇವರು ಹೇಳಿ ಬರೆಯಿಸಿದ್ದನ್ನು ಅಳಿಸುವ ಅಧಿಕಾರ ಲಿಪಿಕಾರನಿಗೆ ಎಲ್ಲಿಂದ ಬರಬೇಕು? ನಮಗೂ ನಿಮಗೂ ಹೇಳಿ ಬರೆಯಿಸುವವರು ಗ್ರಾಹಕರು, ಜಾಹೀರಾತು ವಿಭಾಗದವರು, ಶುಕ್ರವಾರ ಸಂಜೆಯೊಳಗೆ ಪುಟ ಕೊಡಿ ಎನ್ನುವ ಅಚ್ಚುಕೂಟದವರು. ಬರೆದು ಅಳಿಸಿ ತಿದ್ದಲು ನಮಗೆ ಹಲಗೆ ಬಳಪ ಬೇಕೇ ಬೇಕು.

ಇನ್ನು ವೈದ್ಯರು. ಬಾಸ್ಟನ್ನಿನಲ್ಲಿ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯರಿದ್ದರು. 1911ರಲ್ಲಿ ಸ್ವಂತದ ಚಿಕ್ಕ ಆಸ್ಪತ್ರೆ ತೆರೆದು, ಅಲ್ಲಿಂದ ಐದು ವರ್ಷ ತಮ್ಮಲ್ಲಿಗೆ ಬಂದುಹೋದ 337 ರೋಗಿಗಳ ಲೆಕ್ಕವನ್ನು ಅಚ್ಚು ಹಾಕಿಸಿದರು. ಅದರಲ್ಲಿ 123 ತಪ್ಪುಗಳು ನಡೆದಿವೆ ಎಂದು ತಾವೇ ಎಣಿಸಿ, ವಿಂಗಡಿಸಿ ಬರೆದರು. ಊರಿನ ದೊಡ್ಡ ಆಸ್ಪತ್ರೆಗಳೂ ಹೀಗೆಯೇ ಮಾಡಬೇಕೆಂದು ಹಟ ಹಿಡಿದರು. ಸಹೋದ್ಯೋಗಿಗಳು ಮುಖ ತಿರುಗಿಸಿದರು, ರೋಗಿಗಳು ಕಡಿಮೆಯಾದರು, ಅವರ ಆಸ್ಪತ್ರೆ ಮುಚ್ಚಿತು. ನಿಮ್ಮ ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದನ್ನು ನಿಮ್ಮ ಕೈಗೆ ನಾನೇ ಕೊಡುತ್ತಿದ್ದೇನೆ. ಆದರೆ ಇಂದು ವೈದ್ಯರನ್ನು ತಯಾರು ಮಾಡುವ ಒಳ್ಳೆಯ ಆಸ್ಪತ್ರೆಗಳಲ್ಲಿ ಹಿರಿಯರು ಕಿರಿಯರು ಒಟ್ಟಿಗೆ ಕುಳಿತು, ಈ ರೋಗಿ ಏಕೆ ಉಳಿಯಲಿಲ್ಲ ಎಂದು ತಮ್ಮತಮ್ಮೊಳಗೆ ಬಿಚ್ಚಿ ಮಾತನಾಡುವ ಸಭೆ ನಡೆಯುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನಾನೋ ನೀವೋ ಮಲಗುವ ದಿನ, ಅಂಥ ಸಭೆಯಲ್ಲಿ ಕುಳಿತು ಬಂದ ಕೈಯೇ ನಮ್ಮನ್ನು ಮುಟ್ಟಲಿ ಎಂದು ಬಯಸುತ್ತೇವೆ.

ನಮ್ಮ ವೃತ್ತಿಗೇ ಬರೋಣ. ಜರ್ಮನಿಯ ಪುಟವಿನ್ಯಾಸಕಾರ ಯಾನ್ ಚಿಹೋಲ್ಡ್ ಹೆಸರು ನಿಮಗೆ ಗೊತ್ತಿರುತ್ತದೆ. ಲೈಪ್‌ಸಿಗ್‌ನ ನಾಮಫಲಕ ಬರೆಯುವವರ ಮಗ. 1923ರಲ್ಲಿ ವೈಮಾರ್‌ನಲ್ಲಿ ಬೌಹೌಸ್ ಎಂಬ ಹೊಸ ಬಗೆಯ ವಿನ್ಯಾಸ ಶಾಲೆಯ ಪ್ರದರ್ಶನ ನೋಡಿ ಬಂದ ಮೇಲೆ ಆ ಹುಡುಗನಿಗೆ ಹಳೆಯ ಪುಟಗಳೆಲ್ಲ ಧೂಳು ಹಿಡಿದಂತೆ ಕಂಡವು. ನಡುವಿಗೆ ಜೋಡಿಸಿದ ಶೀರ್ಷಿಕೆ ಬೇಡ, ಬಳ್ಳಿ ಹೂವಿನ ಅಂಚು ಬೇಡ, ಕೊಕ್ಕೆ ಕಾಲುಗಳಿಲ್ಲದ ಬೋಳು ಅಕ್ಷರವೊಂದೇ ಈ ಕಾಲದ ಅಕ್ಷರ ಎಂದು ಸಾರಿದರು. 1928ರಲ್ಲಿ, 26ರ ವಯಸ್ಸಿನಲ್ಲಿ, ಅವರು ಬರೆದ ಪುಸ್ತಕ ಯುರೋಪಿನ ಯುವ ಮುದ್ರಣಕಾರರಿಗೆ ಧರ್ಮಗ್ರಂಥದಂತಾಯಿತು. 1933ರಲ್ಲಿ ನಾಜಿಗಳು ಅವರನ್ನು ಹಿಡಿದು ಸೆರೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ಸಂಸಾರ ಸಮೇತ ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದರು. (ನಮ್ಮ ಮಂಗಳೂರಿಗೆ ಮುದ್ರಣಾಲಯ ತಂದ ಮಿಷನ್ ಹುಟ್ಟಿದ ಊರು ಅದೇ. ಆ ಹೆಸರು ಕಂಡಾಗಲೆಲ್ಲ ನನಗೆ ಮಂಗಳೂರಿನ ಆ ಮುದ್ರಣಾಲಯದ ಕಲ್ಲಚ್ಚಿನ ಕನ್ನಡ ಪುಟಗಳು ಕಣ್ಣ ಮುಂದೆ ಬರುತ್ತವೆ.)

ಅಲ್ಲಿ ಅವರು ಮೆಲ್ಲಗೆ ಬದಲಾದರು. ಮತ್ತೆ ಶೀರ್ಷಿಕೆಗಳನ್ನು ನಡುವಿಗೆ ಜೋಡಿಸತೊಡಗಿದರು, ಹಳೆಯ ಅಕ್ಷರಗಳಿಗೆ ಮರಳಿದರು. 1946ರಲ್ಲಿ ಮ್ಯಾಕ್ಸ್ ಬಿಲ್ ಎಂಬ ಕಲಾವಿದರು ಇದನ್ನು ದ್ರೋಹವೆಂಬಂತೆ ಬರೆದಾಗ ಚಿಹೋಲ್ಡ್ ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ವಿನ್ಯಾಸಕಾರನೂ ಓದಬೇಕು. ತಾನು ಕಟ್ಟಿದ ಹೊಸ ವಿನ್ಯಾಸದ ಅಸಹನೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕೆಂಬ ಅದರ ಸಿಪಾಯಿ ಬುದ್ಧಿ, ತನ್ನನ್ನು ದೇಶದಿಂದ ಓಡಿಸಿದವರ ಮನೋಧರ್ಮಕ್ಕೆ ಹತ್ತಿರದ್ದು ಎಂದು ಅವರು ಬರೆದರು. ಇದು ಎಂಥ ಮಾತು ಯೋಚಿಸಿ! ಲೋಕ ಯಾವುದನ್ನು ಅವರ ಅತ್ಯುತ್ತಮ ಕೆಲಸವೆಂದು ತಲೆಯ ಮೇಲೆ ಹೊತ್ತುಕೊಂಡಿತ್ತೋ ಅದರೊಳಗೆ ಕೈಹಾಕಿ, ಇಲ್ಲಿ ಕೊಳೆತಿದೆ ಎಂದು ತೋರಿಸಿದರು. ಮುಂದೆ ಇಂಗ್ಲೆಂಡಿನಲ್ಲಿ 1947ರಿಂದ 49ರವರೆಗೆ ಪೆಂಗ್ವಿನ್ ಪುಸ್ತಕಗಳ ಪುಟಗಳನ್ನು ತಿದ್ದುವಾಗ ಅವರು ಹಿಡಿದದ್ದು ಅಕ್ಷರಗಳ ನಡುವಿನ ಜಾಗ, ಅಂಚಿನ ಅಗಲ, ವಿರಾಮಚಿಹ್ನೆಯ ಸ್ಥಾನ ಎಂಬಂಥ ತಾಳ್ಮೆಯ ಕೆಲಸಗಳನ್ನು. ಅವರು ಒಪ್ಪಿಕೊಂಡದ್ದು ತಪ್ಪೇ ಅಲ್ಲ, ಮೊದಲಿನದೇ ಸರಿ ಎನ್ನುವವರೂ ಇದ್ದಾರೆ. ನಾನು ಆ ಪಕ್ಷದವನಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಇಲ್ಲಿಯೇ. ಒಳ್ಳೆಯ ಕೆಲಸ ಒಂದು ಕಪಾಟಿನಲ್ಲಿ, ಕೆಟ್ಟ ಕೆಲಸ ಇನ್ನೊಂದರಲ್ಲಿ ಬೇರೆಬೇರೆಯಾಗಿ ಇರುತ್ತವೆ, ಮೊದಲನೆಯದನ್ನು ತೆರೆದಿಟ್ಟು ಎರಡನೆಯದಕ್ಕೆ ಬೀಗ ಹಾಕಬಹುದು ಎಂದು ನೀವು ನಂಬಿದ್ದೀರಿ. ನನ್ನ ಅನುಭವದಲ್ಲಿ ಅವೆರಡೂ ಬಹಳ ಸಲ ಒಂದೇ ಹಾಳೆಯ ಮೇಲೆ ಇರುತ್ತವೆ.

1996ರಲ್ಲಿ ನಾನು ಬೇರೊಂದು ವಾರಪತ್ರಿಕೆಯಲ್ಲಿ ಪುಟವಿನ್ಯಾಸದ ಹೊಣೆ ಹೊತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದಿತ್ತು. ದೀಪಾವಳಿ ಸಂಚಿಕೆಗೆ ಹೊಸ ರೂಪ ಕೊಡಬೇಕೆಂದು ಇಂಗ್ಲಿಷ್ ವಾರಪತ್ರಿಕೆಯೊಂದರ ಅಚ್ಚುಕಟ್ಟನ್ನು ಅಳೆದು ತಂದೆ. ಸಾಲುಗಳು ಒತ್ತಾಗಿ, ಅಂಕಣಗಳು ಕಿರಿದಾಗಿ, ಪುಟ ಕಪ್ಪು ಬಿಳುಪಿನ ಕಸೂತಿಯಂತೆ ಕಾಣುತ್ತಿತ್ತು. ಎಲ್ಲರೂ ಬೆನ್ನು ತಟ್ಟಿದರು. ನಾನು ಅದರ ಹತ್ತು ಪ್ರತಿಗಳನ್ನು ಊರಿಗೆ ಕಳಿಸಿದೆ. ಮೂರು ವಾರಗಳ ನಂತರ ತೀರ್ಥಹಳ್ಳಿಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸಂಚಿಕೆಯನ್ನೇ ವಾಪಸು ಕಳಿಸಿದರು. ಪುಟ ಪುಟದಲ್ಲೂ ಕೆಂಪು ಪೆನ್ಸಿಲಿನ ಗುರುತು. ಎಲ್ಲೆಲ್ಲಿ ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗಿತ್ತೋ ಅಲ್ಲೆಲ್ಲ ಒಂದು ಸಣ್ಣ ವೃತ್ತ. ಹಿಂಬದಿಯ ಪುಟದಲ್ಲಿ, “ಕನ್ನಡಕ್ಕೆ ಕೆಳಗೂ ಒಂದು ಮನೆ ಇದೆ ಸ್ವಾಮಿ” ಎಂದು ಬರೆದಿದ್ದರು.

ಇಂಗ್ಲಿಷ್ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು ಬೆರಳೆಣಿಕೆಯಷ್ಟು. ನಮ್ಮಲ್ಲಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದರೆ ಸಾಲಿನ ಕೆಳಗೆ ಇನ್ನೊಂದು ಸಾಲೇ ಹುಟ್ಟುತ್ತದೆ. ಮೊಳೆ ಜೋಡಿಸುತ್ತಿದ್ದ ಹಳೆಯ ಕೆಲಸಗಾರರಿಗೆ ಇದು ಬೆರಳಿನ ತುದಿಯಲ್ಲಿ ಗೊತ್ತಿತ್ತು. ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಆ ಕೆಂಪು ವೃತ್ತಗಳ ಸಂಚಿಕೆ ಇಂದಿಗೂ ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ. ನಮ್ಮ ಪತ್ರಿಕೆಗೆ ಸೇರುವ ಪ್ರತಿಯೊಬ್ಬ ಹೊಸ ವಿನ್ಯಾಸಕಾರರಿಗೂ ಮೊದಲ ದಿನ ಅದನ್ನು ತೋರಿಸುತ್ತೇನೆ. ಬಹುಮಾನದ ಫಲಕಗಳನ್ನು ಯಾರಿಗೂ ತೋರಿಸಿಲ್ಲ.

ಗ್ರಾಹಕರು ಕೈಬಿಡುತ್ತಾರೆ ಎಂದಿರಿ. ವಿಲಿಯಂ ಲೆಮೆಷುರಿಯರ್ ಎಂಬ ಕಟ್ಟಡ ಎಂಜಿನಿಯರರ ಕತೆ ಕೇಳಿ. ನ್ಯೂಯಾರ್ಕಿನ ಸಿಟಿಕಾರ್ಪ್ ಕಟ್ಟಡ, 59 ಮಹಡಿ, 1977ರಲ್ಲಿ ಮುಗಿಯಿತು. ಮೂಲೆಯಲ್ಲೊಂದು ಚರ್ಚಿಗೆ ಜಾಗ ಬಿಡಬೇಕಾದ್ದರಿಂದ ಕಂಬಗಳನ್ನು ನಾಲ್ಕು ಮೂಲೆಗಳ ಬದಲು ನಾಲ್ಕು ಬದಿಗಳ ನಡುವೆ ನಿಲ್ಲಿಸಿದ್ದರು. ಅದು ಅವರ ಜೀವನದ ಹೆಮ್ಮೆಯ ಕೆಲಸ. ಮರುವರ್ಷ, ವಿದ್ಯಾರ್ಥಿಗಳ ಪ್ರಶ್ನೆಗಳಿಂದ ಎಚ್ಚರಗೊಂಡು, ಮೂಲೆಯಿಂದ ಬೀಸುವ ಗಾಳಿಯನ್ನು ಮತ್ತೆ ಲೆಕ್ಕ ಹಾಕಿದರು. ಬೆಸುಗೆ ಹಾಕಬೇಕಿದ್ದ ಕೀಲುಗಳಿಗೆ ಬೋಲ್ಟು ಹಾಕಿರುವುದೂ ತಿಳಿದುಬಂತು. ದೊಡ್ಡ ಬಿರುಗಾಳಿ ಬಂದರೆ ಕಟ್ಟಡ ಉರುಳಬಹುದು ಎಂದು ಅವರ ಲೆಕ್ಕ ಹೇಳಿತು. ಸುಮ್ಮನಿದ್ದುಬಿಡುವುದು, ಸತ್ತುಹೋಗುವುದು ಎರಡೂ ಮನಸ್ಸಿಗೆ ಬಂದಿದ್ದವು ಎಂದು ಅವರೇ ಮುಂದೆ ಹೇಳಿದ್ದಾರೆ. ಎರಡನ್ನೂ ಬಿಟ್ಟು ಮಾಲೀಕರ ಬಳಿಗೆ ಹೋಗಿ ತಪ್ಪನ್ನು ಹೇಳಿದರು. ರಾತ್ರಿಯೆಲ್ಲ ಬೆಸುಗೆಯವರು ದುಡಿದು 200ಕ್ಕೂ ಹೆಚ್ಚು ಕೀಲುಗಳ ಮೇಲೆ ಎರಡು ಅಂಗುಲ ದಪ್ಪದ ಉಕ್ಕಿನ ಫಲಕ ಕೂರಿಸಿದರು. ಅವರ ವಿಮಾ ಕಂಪನಿ ಕೊನೆಗೆ ಅವರ ಕಂತನ್ನು ಇಳಿಸಿತು. ದುರಂತವನ್ನು ತಾನಾಗಿ ತಡೆದ ಮನುಷ್ಯ ಎಂದು ಅದಕ್ಕೆ ಮನವರಿಕೆಯಾಗಿತ್ತು.

ಆದರೆ ಆ ಕಟ್ಟಡದ ಸುತ್ತ ಮಲಗುತ್ತಿದ್ದ ಜನರಿಗೆ ಯಾರೂ ಹೇಳಲಿಲ್ಲ. ಆ ಬೇಸಿಗೆಯಲ್ಲಿ ನಗರದ ಪತ್ರಿಕೆಗಳಲ್ಲಿ ಮುಷ್ಕರ. ವಿಷಯ ಬಯಲಾಗಲು 1995 ಬರಬೇಕಾಯಿತು. ಹದಿನೇಳು ವರ್ಷ! ಅಷ್ಟು ಕಾಲ ಉಳಿದ ಎಂಜಿನಿಯರರು ಆ ಪಾಠವಿಲ್ಲದೆ ಕಟ್ಟಡಗಳನ್ನು ಕಟ್ಟಿದರು. ಲೆಮೆಷುರಿಯರ್ ಅವರನ್ನು ನಾನು ಗೌರವಿಸುತ್ತೇನೆ. ಆ ಮೌನವನ್ನು ಮಾತ್ರ ಕ್ಷಮಿಸಲು ನನ್ನಿಂದ ಆಗಿಲ್ಲ.

ಕನ್ನಡದ್ದೇ ಒಂದು ಉದಾಹರಣೆ ಕೊಡುತ್ತೇನೆ. ಹಳಗನ್ನಡದಲ್ಲಿ ‘ಬಾೞ್’, ‘ಏೞ್’ ಎಂಬಲ್ಲಿ ಬರುವ ‘ೞ’ ನಿಮಗೆ ಗೊತ್ತು. ಕಂಪ್ಯೂಟರಿಗಾಗಿ ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡುವಾಗ ಯಾರೋ ಅದನ್ನು ‘ಫ’ ಎಂದು ಹೆಸರಿಸಿಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ. ಹಾಗಾಗಿ ಆ ತಪ್ಪು ಹೆಸರು ಎಂದೆಂದಿಗೂ ಅಲ್ಲಿಯೇ ಇರುತ್ತದೆ. ಆದರೆ ಅದೇ ಪಟ್ಟಿಯಲ್ಲಿ, ಅದೇ ಅಕ್ಷರದ ಕೆಳಗೆ, ಈ ಹೆಸರು ತಪ್ಪು, ಇದು ‘ೞ’ ಆಗಬೇಕಿತ್ತು ಎಂದು ಅವರೇ ಅಚ್ಚು ಮಾಡಿ ಸರಿಯಾದ ಇನ್ನೊಂದು ಹೆಸರನ್ನೂ ಜೋಡಿಸಿದ್ದಾರೆ. ಸಾವಿರ ವರ್ಷದ ನಮ್ಮ ಅಕ್ಷರಕ್ಕೆ ಆದ ಅವಮಾನದಿಂದ ನನಗೆ ನೋವಾಗಿದೆ. ಆ ಒಂದು ಸಾಲಿನ ಟಿಪ್ಪಣಿಯನ್ನು ಓದಿದಾಗಲೆಲ್ಲ ಸ್ವಲ್ಪ ಸಮಾಧಾನವೂ ಆಗುತ್ತದೆ.

ನಮ್ಮ ನಾಡಿನಲ್ಲಿ ಅಂಥ ಟಿಪ್ಪಣಿಯನ್ನು ಎಲ್ಲಿ ಹುಡುಕಲಿ? ಹೆದ್ದಾರಿಯ ಫಲಕಗಳಲ್ಲಿ ಒತ್ತಕ್ಷರ ಕಳಚಿ ಬಿದ್ದು ಊರಿನ ಹೆಸರೇ ಮುರಿದಿರುತ್ತದೆ. ಆ ಫಲಕವನ್ನು ಬರೆದವರು ಯಾರು, ನೋಡಿ ಸಹಿ ಹಾಕಿದವರು ಯಾರು? ಹೆಸರಿಲ್ಲ. ಬಸ್ ನಿಲ್ದಾಣ ಕಟ್ಟುತ್ತಾರೆ. ಮಳೆ ಓರೆಯಾಗಿ ಬಿದ್ದರೆ ಬೆಂಚಿನ ಮೇಲೆ ಕುಳಿತವರು ನೆನೆಯುತ್ತಾರೆ. ಮುಂದಿನ ಊರಿನಲ್ಲಿ ಅದೇ ನಕ್ಷೆಯ ನಿಲ್ದಾಣ ಏಳುತ್ತದೆ. ಪುಸ್ತಕ ಬಿಡುಗಡೆಗಳಿಗೆ ಹೋಗುತ್ತೇನೆ. ಶಾಲು, ಹಾರ, ಮೈಸೂರು ಪೇಟ, ಒಂದೂವರೆ ಗಂಟೆ ಹೊಗಳಿಕೆ. ಲೇಖಕರು ಎದ್ದು, ಮೂರನೆಯ ಅಧ್ಯಾಯ ನನ್ನ ಕೈಯಿಂದ ಜಾರಿತು ಎಂದು ಹೇಳಿದ್ದನ್ನು ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. ಮುಖಪುಟ ಬರೆದವರ ಹೆಸರನ್ನು ಅನೇಕ ಪುಸ್ತಕಗಳಲ್ಲಿ ಇಂದಿಗೂ ಅಚ್ಚು ಹಾಕುವುದಿಲ್ಲ. ಹೆಸರೇ ಇಲ್ಲದವನು ತಪ್ಪನ್ನು ಯಾವ ಬಾಯಿಂದ ಒಪ್ಪಿಕೊಳ್ಳಬೇಕು? ನಿಮ್ಮ ಸಿಟ್ಟನ್ನು ಇಲ್ಲಿಗೆ ತಿರುಗಿಸಿ ಮಿತ್ರರೇ, ನಾನು ನಿಮ್ಮ ಜೊತೆಗೆ ನಿಲ್ಲುತ್ತೇನೆ.

ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ‘ಇದನ್ನು ಅಚ್ಚು ಮಾಡಬೇಡಿ’ ಎಂದು ಗೆರೆ ಎಳೆದು ನೀವು ನಾಲ್ಕು ಸಾಲು ಬರೆದಿದ್ದೀರಿ. ನೀವು ಮಾಡಿದ ಒಂದು ಕೆಲಸದ ಬಗ್ಗೆ, ಅದರಿಂದ ಆದದ್ದರ ಬಗ್ಗೆ. ನಿಮ್ಮ ಮಾತಿನಂತೆ ಅದನ್ನು ಮೇಲಿನ ಪತ್ರದಲ್ಲಿ ಸೇರಿಸಿಲ್ಲ, ಕಚೇರಿಯಲ್ಲಿ ಯಾರಿಗೂ ತೋರಿಸಿಲ್ಲ. ಆದರೆ ನಿಮ್ಮ ಪತ್ರದ ನಾಲ್ಕು ಪುಟಗಳಲ್ಲಿ ನನ್ನ ಕೈ ನಡುಗಿಸಿದ ಸಾಲುಗಳು ಅವೇ. ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮ ಹೆಸರು ಹಾಕಬೇಕೆಂದಿಲ್ಲ, ಊರೂ ಬೇಡ. 20ನೇ ತಾರೀಖಿನ ಒಳಗೆ ಬಂದರೆ ಕರಡು ತಿದ್ದಲು ನಿಮಗೇ ಕಳಿಸುತ್ತೇನೆ. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟಿರುತ್ತೇನೆ.

— ಸಂಪಾದಕ